ನಮ್ಮ ಮ್ಯಾಂಚೆಸ್ಟರಿನಿಂದ ಆ ಮ್ಯಾಂಚೆಸ್ಟರಿಗೆ

ಕಳೆದ ಸಂಚಿಕೆಯಲ್ಲಿ ಪುಟದ ಕೊನೆಗೆ ಸ್ವಲ್ಪ ಜಾಗ ಉಳಿದಿತ್ತು. ಸುಮ್ಮನೆ ಬಿಡುವುದೇಕೆ ಎಂದು ಒಂದು ಮನೆವಾರ್ತೆ ಬರೆದೆ: ಹದಿನೇಳು ವರ್ಷ ಅಮೆರಿಕದ ಒಹಾಯೊದಲ್ಲಿದ್ದ ನನ್ನ ಮಗಳ ಸಂಸಾರ 2024ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಬಂದು ನೆಲೆಸಿದೆ, ಮನೆ ಹೂಡುವಾಗ ನಾನೂ ಆರು ತಿಂಗಳು ಜೊತೆಗಿದ್ದು ಬಂದೆ ಎಂದು. ಅಷ್ಟಕ್ಕೇ ಅಂಚೆಯವನ ಚೀಲ ಭಾರವಾಯಿತು. ಹೋಳಿಗೆಯ ಕಣಕ ಹರಿಯುವುದೇಕೆ ಎಂದು ಕೇಳುತ್ತಿದ್ದವರೆಲ್ಲ ಈ ಸಲ ವೀಸಾ, ತೆರಿಗೆ, ಶಾಲೆ ಎನ್ನುತ್ತಿದ್ದಾರೆ. ಆಗಲಿ, ಈ ಸಂಚಿಕೆ ಅದಕ್ಕೇ ಇರಲಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ವಕೀಲೆಯಲ್ಲ. ದಾವಣಗೆರೆಯ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಸಮಾಜ ವಿಜ್ಞಾನ ಹೇಳಿಕೊಟ್ಟವಳು. ಕಂಡದ್ದು, ಕೇಳಿದ್ದು, ಕೈ ಸುಟ್ಟುಕೊಂಡದ್ದು, ಇಷ್ಟೇ ನನ್ನ ಬಂಡವಾಳ.

ಪ್ರಶ್ನೆ: ನನ್ನ ಮಗನೂ ಅಮೆರಿಕದಿಂದ ಇಂಗ್ಲೆಂಡಿಗೆ ಹೊರಟಿದ್ದಾನೆ. ಮೊಮ್ಮಕ್ಕಳು ಅಲ್ಲೇ ಹುಟ್ಟಿದವರು. ‘ಅಲ್ಲೂ ಇಂಗ್ಲಿಷು, ಇಲ್ಲೂ ಇಂಗ್ಲಿಷು, ಪಕ್ಕದ ಓಣಿಗೆ ಹೋದ ಹಾಗೆ ಅಮ್ಮ’ ಎನ್ನುತ್ತಾನೆ. ನಿಜವೇ?
— ಓದುಗಿ, ಹರಿಹರ

ಉತ್ತರ: ನನ್ನ ಮಗಳೂ ಇದೇ ಮಾತು ಹೇಳಿದ್ದಳು ತಾಯಿ. ಪಕ್ಕದ ಓಣಿ ಎಂದುಕೊಂಡು ಹೋದದ್ದರಿಂದಲೇ ಅವರಿಗೆ ಹೆಜ್ಜೆಹೆಜ್ಜೆಗೂ ಎಡವಿತು. ಪರದೇಶ ಎಂದುಕೊಂಡು ಹೋದ ನನಗೆ ಮಾತ್ರ ಅರ್ಧ ಊರು ಪರಿಚಯದ್ದೇ ಅನ್ನಿಸಿತು.

ಹೇಗೆ ಅಂತೀರಾ? ವಾಹನ ಎಡಕ್ಕೆ ಹೋಗುತ್ತದೆ. ಪ್ಲಗ್ ಪಾಯಿಂಟಿನ ಪಕ್ಕದಲ್ಲೇ ನಮ್ಮಲ್ಲಿಯ ಹಾಗೆ ಸ್ವಿಚ್ಚು ಇರುತ್ತದೆ. ತಾರೀಖು ಬರೆಯುವಾಗ ದಿನ ಮೊದಲು, ತಿಂಗಳು ಆಮೇಲೆ. ನೆಲದ ಮೇಲಿನದು ಗ್ರೌಂಡ್ ಫ್ಲೋರ್, ಮೆಟ್ಟಿಲು ಹತ್ತಿದರೆ ಫಸ್ಟ್ ಫ್ಲೋರ್. ಅಮೆರಿಕದವರಿಗೆ ನೆಲದ ಮೇಲಿನದೇ ಫಸ್ಟ್ ಫ್ಲೋರ್. ಮೊದಲ ವಾರ ಎಂಟು ವರ್ಷದ ಮೊಮ್ಮಗ ಗ್ರಂಥಾಲಯದಲ್ಲಿ ಮಕ್ಕಳ ವಿಭಾಗ ಹುಡುಕುತ್ತ ಕೆಳಗೇ ಸುತ್ತುತ್ತಿದ್ದ. ಕೈಹಿಡಿದು ಮೇಲೆ ಕರೆದುಕೊಂಡು ಹೋದವಳು ನಾನು. ಅಂದಿನಿಂದ ಮನೆಯಲ್ಲಿ ನನ್ನ ಮಾತಿಗೆ ತುಸು ಬೆಲೆ ಬಂತು.

ಆ ಬೆಲೆಯನ್ನು ನಾನು ಹೆಚ್ಚು ದಿನ ಉಳಿಸಿಕೊಳ್ಳಲಿಲ್ಲ ಎಂಬುದನ್ನೂ ಹೇಳಬೇಕು. ಮನೆಸಾಮಾನಿನ ಕಂಟೇನರು ಹಡಗಿನಲ್ಲಿತ್ತು. ಮಗಳು ಒಹಾಯೊದಿಂದ ಸೂಟ್‌ಕೇಸಿನಲ್ಲಿ ತಂದಿದ್ದ ಪಾತ್ರೆಯೆಂದರೆ ಒಂದು ಕರೆಂಟ್ ಕುಕ್ಕರ್. ಅವರೆಲ್ಲ ಬಾಡಿಗೆ ಮನೆಯ ಕಾಗದಪತ್ರಕ್ಕೆಂದು ಹೊರಗೆ ಹೋಗಿದ್ದರು. ಬರುವಷ್ಟರಲ್ಲಿ ಅನ್ನ ಮಾಡಿಡೋಣವೆಂದು ಅಕ್ಕಿ ತೊಳೆದು ಹಾಕಿದೆ. ಕುಕ್ಕರಿನ ಚಪ್ಪಟೆ ಎರಡು ಕಡ್ಡಿ ಅಲ್ಲಿಯ ಗೋಡೆಗೆ ಹೋಗುವುದಿಲ್ಲ. ವಿಮಾನ ನಿಲ್ದಾಣದಲ್ಲಿ ಕೊಂಡಿದ್ದ ಅಡಾಪ್ಟರ್ ಸಿಕ್ಕಿಸಿದೆ, ಹೋಯಿತು. ಕೆಂಪು ದೀಪ ಬಂತು. ನಿಮಿಷ ಕಳೆಯುವುದರೊಳಗೆ ನೀರು ಬುಸುಬುಸು ಕುದಿಯತೊಡಗಿತು. ಇಂಗ್ಲೆಂಡಿನ ಕರೆಂಟು ಎಷ್ಟು ಚುರುಕಪ್ಪಾ ಎಂದು ಮೆಚ್ಚಿಕೊಂಡೆ. ಆಮೇಲೆ ರಬ್ಬರು ಸುಟ್ಟ ವಾಸನೆ, ಆಮೇಲೆ ಬುಡದಿಂದ ಬಿಳಿ ಹೊಗೆ, ಆಮೇಲೆ ಚಾವಣಿಯ ಹೊಗೆಗಂಟೆ ಊರಿಗೆಲ್ಲ ಕೇಳುವ ಹಾಗೆ ಕಿರುಚಿತು. ಪಕ್ಕದ ಮನೆಯ ಅಜ್ಜಿ ಓಡಿಬಂದು, ಹಿತ್ತಿಲ ಬಾಗಿಲು ತೆರೆದು, ಪಾತ್ರೆ ಒರೆಸುವ ಬಟ್ಟೆಯಿಂದ ಹೊಗೆ ಬೀಸಿದರು. ನನಗಿಂತ ಹಿರಿಯರು, ಎಂಬತ್ತರ ಮೇಲೆ. ಇಬ್ಬರೂ ಅಂಗಳದಲ್ಲಿ ನಿಂತು ಕೆಮ್ಮಿದೆವು. ನಮ್ಮ ಪರಿಚಯ ಆದದ್ದು ಹಾಗೆ.

ಕಾರಣ ಇಷ್ಟು: ಅಮೆರಿಕದ ಮನೆಗಳಲ್ಲಿ 120 ವೋಲ್ಟ್, ಇಂಗ್ಲೆಂಡಿನಲ್ಲಿ ನಮ್ಮ ಹಾಗೆಯೇ 230. ಅಡಾಪ್ಟರ್ ಕಡ್ಡಿಯ ಆಕಾರ ಬದಲಿಸುತ್ತದೆಯೇ ಹೊರತು ವೋಲ್ಟೇಜನ್ನಲ್ಲ. ವೋಲ್ಟೇಜು ಸುಮಾರು ಇಮ್ಮಡಿಯಾದರೆ ಕಾಯಿಲ್ ಕೊಡುವ ಶಾಖ ನಾಲ್ಕು ಪಟ್ಟಿನ ಹತ್ತಿರ ಏರುತ್ತದೆ. ಇದನ್ನು ಎಂಟನೆಯ ತರಗತಿಯ ಮಗುವೂ ಲೆಕ್ಕ ಹಾಕುತ್ತದೆ. ಆದರೆ ಆ ಪಾಠ ಪಕ್ಕದ ಕೊಠಡಿಯ ವಿಜ್ಞಾನ ಮೇಷ್ಟ್ರದ್ದು, ನನ್ನದಲ್ಲ. ಮೊಬೈಲ್, ಲ್ಯಾಪ್‌ಟಾಪ್ ಚಾರ್ಜರುಗಳ ಮೇಲೆ 100ರಿಂದ 240 ಎಂದು ಬರೆದಿರುತ್ತದೆ, ಅವಕ್ಕೆ ಭಯವಿಲ್ಲ. ಕುಕ್ಕರ್, ಇಸ್ತ್ರಿಪೆಟ್ಟಿಗೆ, ಕೂದಲು ಒಣಗಿಸುವ ಯಂತ್ರ ಇವನ್ನೆಲ್ಲ ಅಮೆರಿಕದಲ್ಲೇ ಯಾರಿಗಾದರೂ ಕೊಟ್ಟು ಹೊರಡಲು ಹೇಳಿ.

ಇದರ ಮರುಮಗ್ಗುಲೂ ಉಂಟು. 2007ರಲ್ಲಿ ಮಗಳು ಅಮೆರಿಕಕ್ಕೆ ಹೊರಟಾಗ ಇಲ್ಲಿಯ ಮಂಡಿಪೇಟೆಯಲ್ಲಿ ಒಂದು ಮಿಕ್ಸಿ ಕೊಡಿಸಿದ್ದೆ. ಅಲ್ಲಿಯ 120 ವೋಲ್ಟಿಗೆ ಅದು ಮುಲುಗುತ್ತಿತ್ತೇ ಹೊರತು ತಿರುಗುತ್ತಿರಲಿಲ್ಲವಂತೆ. ಅಮ್ಮ ಕೊಡಿಸಿದ್ದೆಂದು ಬಿಸಾಡದೆ ಮನೆಯ ನೆಲಮಾಳಿಗೆಯಲ್ಲಿ ಇಟ್ಟಿದ್ದಳು. ಅಕ್ಟೋಬರಿನಲ್ಲಿ ಕಂಟೇನರು ಬಂದಾಗ ಪೆಟ್ಟಿಗೆಯೂ ಬಂತು. ಅಳಿಯ ಅದರ ಮೂರು ಗುಂಡು ಕಡ್ಡಿಯ ಪ್ಲಗ್ ಕತ್ತರಿಸಿ, ಒಳಗೇ ಫ್ಯೂಸ್ ಇರುವ ಅಲ್ಲಿಯ ಪ್ಲಗ್ ಹಾಕಿದರು. ಕೊಬ್ಬರಿ, ಹುರಿಗಡಲೆ, ಹಸಿಮೆಣಸಿನಕಾಯಿ ಹಾಕಿ ತಿರುಗಿಸಿದೆ. ಹದಿನೇಳು ವರ್ಷ ಬಾಯಿ ಕಟ್ಟಿಕೊಂಡಿದ್ದದ್ದು ಮನೆ ಹಾರಿಹೋಗುವಂತೆ ಕೂಗಿತು. ಮೊಮ್ಮಗ ಕಿವಿ ಮುಚ್ಚಿಕೊಂಡ. ಮಗಳು ಕಣ್ಣು ಒರೆಸಿಕೊಂಡಳು. ಮೆಣಸಿನ ಘಾಟು ಎಂದಳು.

ಪ್ರಶ್ನೆ: ಶಾಲೆಗೆ ಸೇರಿಸುವುದು ಹೇಗೆ? ಅಮೆರಿಕದಲ್ಲಿ ಎರಡನೆಯ ತರಗತಿ ಮುಗಿಸಿದವನನ್ನು ಅಲ್ಲಿ ನಾಲ್ಕಕ್ಕೆ ಹಾಕುತ್ತಾರಂತೆ, ಡಬಲ್ ಪ್ರಮೋಷನ್ನೇ?
— ಓದುಗರು, ಜಗಳೂರು

ಉತ್ತರ: ನಮ್ಮ ಮೊಮ್ಮಗನೂ ಹಾಗೆಂದೇ ಬೀಗಿದ. ಹಾಗೇನಿಲ್ಲ. ಇಂಗ್ಲೆಂಡಿನಲ್ಲಿ ಮಗು ನಾಲ್ಕು ತುಂಬಿದ ಮೇಲಿನ ಸೆಪ್ಟೆಂಬರಿನಲ್ಲಿ ‘ರಿಸೆಪ್ಷನ್’ ಎಂಬ ತರಗತಿಗೆ ಹೋಗುತ್ತದೆ, ಐದು ತುಂಬಿದ ಮೇಲೆ ‘ಇಯರ್ ಒನ್’. ಅಮೆರಿಕದಲ್ಲಿ ಒಂದನೆಯ ತರಗತಿ ಆರಕ್ಕೆ. ಹೀಗಾಗಿ ಹೆಸರಿನಲ್ಲಿ ಒಂದು ಅಂಕಿ ಹೆಚ್ಚು, ವಯಸ್ಸು ಅದೇ. ಅಮೆರಿಕದಲ್ಲಿ ಮೂರಕ್ಕೆ ಹೋಗಬೇಕಾದವನು ಇಂಗ್ಲೆಂಡಿನಲ್ಲಿ ನಾಲ್ಕಕ್ಕೆ ಹೋಗುತ್ತಾನೆ. ಸೆಪ್ಟೆಂಬರ್ 1ರಿಂದ ಆಗಸ್ಟ್ 31ರೊಳಗೆ ಹುಟ್ಟಿದವರೆಲ್ಲ ಒಂದು ತರಗತಿ.

ಸರ್ಕಾರಿ ಶಾಲೆಗೆ ಅರ್ಜಿಯನ್ನು ಸಾಮಾನ್ಯವಾಗಿ ಸ್ಥಳೀಯ ಕೌನ್ಸಿಲ್ಲಿಗೆ ಹಾಕಬೇಕು, ಶುಲ್ಕವಿಲ್ಲ. ಮನೆ ಎಷ್ಟು ಹತ್ತಿರ ಎಂಬುದು ಬಹುತೇಕ ಕಡೆ ಮುಖ್ಯ, ಆದ್ದರಿಂದ ವಿಳಾಸ ಬೇಕು. ವಿಳಾಸ ಬೇಕೆಂದರೆ ಬಾಡಿಗೆ ಮನೆ ಬೇಕು. ಮನೆಯ ಮಾಲೀಕರು ಬ್ಯಾಂಕಿನ ಲೆಕ್ಕ ಕೇಳುತ್ತಾರೆ, ಬ್ಯಾಂಕಿನವರು ಮನೆಯ ವಿಳಾಸ ಕೇಳುತ್ತಾರೆ. ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು. ಅಮೆರಿಕದಲ್ಲಿ ಹದಿನೇಳು ವರ್ಷ ಸಾಲ ತೀರಿಸಿ ಗಳಿಸಿದ ಒಳ್ಳೆಯ ಹೆಸರು ಆ ದಡಕ್ಕೆ ದಾಟುವುದಿಲ್ಲ. ಕೊನೆಗೆ ಅಳಿಯನ ಕಚೇರಿಯವರ ಒಂದು ಪತ್ರ ಈ ಗಂಟು ಬಿಡಿಸಿತು. ಆ ಪತ್ರ ಹೊರಡುವ ಮೊದಲೇ ಮಾಡಿಸಿಕೊಳ್ಳಲು ಹೇಳಿ.

ಹದಿಮೂರು ವರ್ಷದ ಮೊಮ್ಮಗಳ ಸಂಗತಿ ಬೇರೆ. ಹದಿನಾರಕ್ಕೆ ಅಲ್ಲಿ ಜಿ.ಸಿ.ಎಸ್.ಇ. ಎಂಬ ಪರೀಕ್ಷೆ, ನಮ್ಮ ಎಸ್.ಎಸ್.ಎಲ್.ಸಿ. ಇದ್ದ ಹಾಗೆ. ಅದರ ವಿಷಯಗಳನ್ನು ಎರಡು ವರ್ಷ ಮುಂಚೆಯೇ ಆರಿಸಬೇಕು. ಅಮೆರಿಕದ ಹುಡುಗಿಗೆ ಇಷ್ಟು ಬೇಗ ಭೂಗೋಳವೋ ಇತಿಹಾಸವೋ ಎಂದು ತೀರ್ಮಾನಿಸುವುದೇ ಅನ್ಯಾಯವೆನ್ನಿಸಿತು. ಅದಕ್ಕಿಂತ ದೊಡ್ಡ ಅನ್ಯಾಯ ಸಮವಸ್ತ್ರ. ಹುಟ್ಟಿದ ಮೇಲೆ ಟೈ ಕಟ್ಟಿದವಳಲ್ಲ. ಅಮೆರಿಕದಲ್ಲಿ ಬಣ್ಣಬಣ್ಣದ ಅಂಗಿಯಲ್ಲಿ ಹೋಗುತ್ತಿದ್ದವಳು ಕಪ್ಪು ಬ್ಲೇಜರ್ ತೊಟ್ಟು ಕನ್ನಡಿಯ ಮುಂದೆ ಅಳುಮುಖ ಮಾಡಿ ನಿಂತಳು. ಟೈ ಕಟ್ಟಿಕೊಟ್ಟವಳು ನಾನೇ. ಪ್ರಾರ್ಥನೆಯ ಸಾಲಿನಲ್ಲಿ ಎಷ್ಟು ಮಕ್ಕಳ ಟೈ ಸರಿಮಾಡಿದ ಕೈ ಇದು.

ಪ್ರಶ್ನೆ: ಅಲ್ಲಿ ಆಸ್ಪತ್ರೆ ಉಚಿತ ಎನ್ನುತ್ತಾರೆ. ನಾನು ಮಗನ ಮನೆಗೆ ಹೋದಾಗ ಮೊಣಕಾಲು ತೋರಿಸಿಕೊಂಡು ಬರಬಹುದೇ?
— ಓದುಗಿ, ನಿಟುವಳ್ಳಿ, ದಾವಣಗೆರೆ

ಉತ್ತರ: ಮೊಣಕಾಲನ್ನು ದಾವಣಗೆರೆಯಲ್ಲೇ ತೋರಿಸಿಕೊಂಡು ಹೋಗಿ. ನಮ್ಮೂರಲ್ಲಿ ವೈದ್ಯರಿಗೇನು ಬರವೇ? ಸಂದರ್ಶಕರಾಗಿ ಹೋದ ನಮ್ಮಂಥವರಿಗೆ ಅಪಘಾತ ವಿಭಾಗದ ತುರ್ತು ಚಿಕಿತ್ಸೆ ಉಚಿತ. ವಾರ್ಡಿಗೆ ಸೇರಿಸಿದರೆ ಸರ್ಕಾರಿ ದರದ ಒಂದೂವರೆ ಪಟ್ಟು, ಅಂದರೆ ಶೇ. 150, ಕಟ್ಟಬೇಕು. ವಿಮೆ ಇಲ್ಲದೆ ಹೊರಡಬೇಡಿ.

ಕೆಲಸದ ವೀಸಾದ ಮೇಲೆ ಹೋದ ಮನೆಯವರಿಗೂ ‘ಉಚಿತ’ ಎನ್ನುವುದು ಬಾಯಿಮಾತು. ವೀಸಾ ಅರ್ಜಿಯ ಜೊತೆಗೇ ಆರೋಗ್ಯ ಶುಲ್ಕ ಎಣಿಸಬೇಕು. 2024ರ ಫೆಬ್ರವರಿಯಿಂದ ಅದು ವರ್ಷಕ್ಕೆ ದೊಡ್ಡವರಿಗೆ 1,035 ಪೌಂಡ್, ಮಕ್ಕಳಿಗೆ 776. ನಾಲ್ಕು ಜನರ ಸಂಸಾರಕ್ಕೆ ವರ್ಷಕ್ಕೆ 3,622 ಪೌಂಡ್, ಮೂರು ವರ್ಷದ ವೀಸಾ ಎಂದರೆ 10,866. ಒಂದೇ ಕಂತಿನಲ್ಲಿ, ವಿಮಾನ ಹತ್ತುವ ಮೊದಲೇ. ಆಮೇಲೆ ಮಾತ್ರ ಆಸ್ಪತ್ರೆಯಿಂದ ಬಿಲ್ಲು ಬರುವುದಿಲ್ಲ. ಒಹಾಯೊದಲ್ಲಿ ಮೊಮ್ಮಗನ ಕೈ ಮುರಿದಾಗ ವಿಮೆಯವರ ಲಕೋಟೆಗಳು ನಾಲ್ಕು ತಿಂಗಳು ಬರುತ್ತಲೇ ಇದ್ದದ್ದನ್ನು ಕಂಡ ಮಗಳಿಗೆ ಇದೇ ದೊಡ್ಡ ನೆಮ್ಮದಿ. ಆದರೆ ತಜ್ಞರನ್ನು ನೇರವಾಗಿ ನೋಡುವ ಹಾಗಿಲ್ಲ. ಮನೆಯ ಹತ್ತಿರದ ಜಿ.ಪಿ. ಎಂಬ ವೈದ್ಯರ ಬಳಿ ಹೆಸರು ನೋಂದಾಯಿಸಿ, ಅವರು ಬರೆದುಕೊಟ್ಟರೆ ಮುಂದಿನ ಸಾಲು. ಸಾಲು ಉದ್ದ.

ತಾರೀಖಿನ ಮಾತು ಆಗ ಹೇಳಿದೆನಲ್ಲ. ಮೊಮ್ಮಗನ ಚುಚ್ಚುಮದ್ದಿಗೆ 10/09 ಎಂದು ಪತ್ರ ಬಂತು. ಮಗಳು ಅಮೆರಿಕದ ಅಭ್ಯಾಸದಂತೆ ಅಕ್ಟೋಬರ್ ಒಂಬತ್ತು ಎಂದು ಓದಿ, ಗೋಡೆಯ ಕ್ಯಾಲೆಂಡರಿನಲ್ಲಿ ಗುಂಡಗೆ ಗುರುತು ಹಾಕಿದಳು. ಸೆಪ್ಟೆಂಬರ್ ಹತ್ತರಂದು ನಾವೆಲ್ಲ ಹಾಯಾಗಿ ಅವಲಕ್ಕಿ ತಿನ್ನುತ್ತ ಕೂತಿದ್ದೆವು. ನನ್ನ ಕೈಗೆ ಪತ್ರ ಕೊಟ್ಟಿದ್ದರೆ ಸರಿಯಾಗಿ ಓದುತ್ತಿದ್ದೆ. ಯಾರೂ ಕೊಡಲಿಲ್ಲ.

ಪ್ರಶ್ನೆ: ಅಮೆರಿಕದ ಪೌರನಾದ ನನ್ನ ಮಗ ಇಂಗ್ಲೆಂಡಿನಲ್ಲಿ ತೆರಿಗೆ ಕಟ್ಟಿದರೆ ಅಮೆರಿಕದ್ದು ತೀರಿದಂತೆಯೇ?
— ಓದುಗರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ತೀರುವುದಿಲ್ಲ ಸ್ವಾಮಿ. ಎಲ್ಲೇ ವಾಸವಿದ್ದರೂ ತನ್ನ ಪೌರರ ಆದಾಯದ ಲೆಕ್ಕ ಕೇಳುವ ದೇಶಗಳು ಅಮೆರಿಕ ಮತ್ತು ಎರಿಟ್ರಿಯ. ಎರಡೂ ಕಡೆ ಲೆಕ್ಕ ಸಲ್ಲಿಸಬೇಕು. ಒಪ್ಪಂದವಿರುವುದರಿಂದ ಇಂಗ್ಲೆಂಡಿನಲ್ಲಿ ಕಟ್ಟಿದ್ದನ್ನು ಅಮೆರಿಕದ ಲೆಕ್ಕದಲ್ಲಿ ಕಳೆಯುತ್ತಾರೆ, ಸಾಮಾನ್ಯವಾಗಿ ಒಂದೇ ಹಣಕ್ಕೆ ಎರಡು ಸಲ ಬೀಳುವುದಿಲ್ಲ. ಹೊರದೇಶದ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಂದು ದಿನವಾದರೂ 10,000 ಡಾಲರ್ ದಾಟಿದರೆ ಬೇರೆಯೇ ಒಂದು ವರದಿ ಕೊಡಬೇಕು. ನಿಮ್ಮ ಮಗನ ಹೆಸರಿನಲ್ಲಿ ದಾವಣಗೆರೆಯ ಬ್ಯಾಂಕಿನಲ್ಲಿ ನೀವು ಇಟ್ಟಿರುವ ಠೇವಣಿಯೂ ಈ ಮೊತ್ತಕ್ಕೆ ಸೇರುತ್ತದೆ, ಮರೆಯಬೇಡಿ. ಇಂಗ್ಲೆಂಡಿನಲ್ಲಿ ತೆರಿಗೆ ಇಲ್ಲವೆಂದು ಎಲ್ಲರೂ ಹಣ ಹಾಕುವ ಐ.ಎಸ್.ಎ. ಖಾತೆಗೆ ಅಮೆರಿಕದವರು ಆ ರಿಯಾಯಿತಿ ಕೊಡುವುದಿಲ್ಲ. ಎರಡೂ ದೇಶದ ಕಾನೂನು ಬಲ್ಲ ಲೆಕ್ಕಿಗರಿಗೆ ಮೊದಲ ವರ್ಷ ದುಡ್ಡು ಕೊಡುವುದು ಜಿಪುಣತನ ಮಾಡುವ ಜಾಗವಲ್ಲ.

ಇನ್ನೊಂದು ಸಂಗತಿ, ಇದು ಸಮಾಜ ವಿಜ್ಞಾನದ ಮೇಷ್ಟ್ರಮ್ಮನ ಚಪಲ. ಇಂಗ್ಲೆಂಡಿನ ತೆರಿಗೆ ವರ್ಷ ಏಪ್ರಿಲ್ 6ಕ್ಕೆ ಶುರುವಾಗುತ್ತದೆ. ಆರೇ ಯಾಕೆ? ಹಿಂದೆ ಅವರ ಹೊಸ ವರ್ಷ ಮಾರ್ಚ್ 25ಕ್ಕೆ ಇತ್ತು, ನಮ್ಮ ಯುಗಾದಿಯ ಆಸುಪಾಸಿನಲ್ಲಿ. 1752ರಲ್ಲಿ ಅದನ್ನು ಜನವರಿ ಒಂದಕ್ಕೆ ತಂದರು. ಅದೇ ವರ್ಷ ಪಂಚಾಂಗ ತಿದ್ದುವಾಗ ಹನ್ನೊಂದು ದಿನ ತೆಗೆದುಹಾಕಿದರು, ಸೆಪ್ಟೆಂಬರ್ 2ರ ಮಾರನೆಯ ದಿನ 14. ತೆರಿಗೆಯವರು ಮಾತ್ರ ಹನ್ನೊಂದು ದಿನದ ಆದಾಯ ಬಿಡಲೊಲ್ಲದೆ ತಮ್ಮ ವರ್ಷವನ್ನು ಮುಂದಕ್ಕೆ ತಳ್ಳಿ ಏಪ್ರಿಲ್ 5 ಮಾಡಿದರು, ಮುಂದೆ 1800ರಲ್ಲಿ ಇನ್ನೊಂದು ದಿನ ಸೇರಿ 6 ಆಯಿತು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಇದನ್ನು ಹೇಳಿದಾಗ ಅಳಿಯ ‘ಅತ್ತೆ, ಇದರಿಂದ ತೆರಿಗೆ ಕಡಿಮೆಯಾಗುತ್ತದೆಯೇ?’ ಎಂದರು.

ಪ್ರಶ್ನೆ: ಅಮೆರಿಕದಿಂದ ಅಲ್ಲಿಗೆ ನಾಯಿಯನ್ನು ಕರೆದುಕೊಂಡು ಹೋಗಬಹುದೇ?
— ಓದುಗರು, ಹೊನ್ನಾಳಿ

ಉತ್ತರ: ಹೋಗಬಹುದು. ಮೈಕ್ರೋಚಿಪ್ ಹಾಕಿಸಿ, ಆಮೇಲೆ ರೇಬಿಸ್ ಲಸಿಕೆ, ಅದಾಗಿ ಕನಿಷ್ಠ 21 ದಿನ. ತಲುಪುವ ಒಂದರಿಂದ ಐದು ದಿನದೊಳಗೆ ಲಾಡಿಹುಳದ ಔಷಧ. ಆದರೆ ಮಡಿಲಲ್ಲಿ ಕೂರಿಸಿಕೊಂಡು ಹೋಗುವ ಹಾಗಿಲ್ಲ. ಬ್ರಿಟನ್ನಿಗೆ ಹೋಗುವ ವಿಮಾನದಲ್ಲಿ ನಾಯಿ ಸರಕಾಗಿಯೇ ಹೋಗಬೇಕು. 2000ದವರೆಗೆ ಹೋದ ನಾಯಿಗೆಲ್ಲ ಆರು ತಿಂಗಳು ಪ್ರತ್ಯೇಕವಾಸ ಇತ್ತು, ಈಗ ಕಾಗದ ಸರಿಯಿದ್ದರೆ ಇಲ್ಲ.

ಪ್ರಶ್ನೆ: ಅಮೆರಿಕದ ಲೈಸೆನ್ಸಿನ ಮೇಲೆ ಅಲ್ಲಿ ಕಾರು ಓಡಿಸಬಹುದಲ್ಲವೇ?
— ಓದುಗರು, ಹಿರಿಯೂರು

ಉತ್ತರ: ನೆಲೆಸಿದ ದಿನದಿಂದ ಹನ್ನೆರಡು ತಿಂಗಳು. ಆಮೇಲೆ ಹೊಸದಾಗಿ ಬರಹದ ಪರೀಕ್ಷೆ, ರಸ್ತೆ ಪರೀಕ್ಷೆ ಎರಡೂ ಆಗಬೇಕು. ಅಮೆರಿಕದ್ದನ್ನು ಕೊಟ್ಟು ಅಲ್ಲಿಯದನ್ನು ಪಡೆಯುವ ಸೌಲಭ್ಯವಿಲ್ಲ, ನಮ್ಮ ಲೈಸೆನ್ಸಿಗೂ ಇಲ್ಲ. ಬರಹದಲ್ಲಿ 50ಕ್ಕೆ 43 ಬರಬೇಕು. ಗೇರಿಲ್ಲದ ಕಾರಿನಲ್ಲಿ ಪಾಸಾದರೆ ಗೇರಿರುವುದನ್ನು ಓಡಿಸುವಂತಿಲ್ಲ. ನಮ್ಮ ಅಳಿಯ ದಶಕಗಳ ಅನುಭವಿ, ಮೊದಲ ಸಲ ನಪಾಸಾದರು. ವೃತ್ತದಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು, ಬಿಡಲಿಲ್ಲ. ನಮ್ಮ ಗುಂಡಿ ವೃತ್ತದಲ್ಲಿ ಯಾರು ಯಾರಿಗೆ ಬಿಡುತ್ತಾರೆ ಎಂಬ ಪರೀಕ್ಷೆ ಇಟ್ಟರೆ ಬರೆಯುವವರೇ ಸಿಕ್ಕಲಿಕ್ಕಿಲ್ಲ.

ಪ್ರಶ್ನೆ: ಮೇಡಂ, ನಾನು ಹತ್ತನೆಯ ತರಗತಿ ವಿದ್ಯಾರ್ಥಿ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಾರೆ. ನಿಜವಾದ ಮ್ಯಾಂಚೆಸ್ಟರ್ ಹಾಗೆಯೇ ಇದೆಯೇ?
— ಚಿತ್ರದುರ್ಗ

ಉತ್ತರ: ಈ ಚೀಲದಲ್ಲಿ ನನಗೆ ಇಷ್ಟವಾದ ಪತ್ರ ನಿನ್ನದು ತಮ್ಮಾ. ಒಂದು ವಿಷಯದಲ್ಲಿ ಎರಡೂ ಒಂದೇ. ಅಲ್ಲೂ ಗಿರಣಿಯ ಸೈರನ್ ಈಗ ಕೂಗುವುದಿಲ್ಲ. ಆಂಕೋಟ್ಸ್ ಎಂಬಲ್ಲಿ ಆರೇಳು ಅಂತಸ್ತಿನ ಕೆಂಪು ಇಟ್ಟಿಗೆಯ ಗಿರಣಿಗಳು ಹಾಗೇ ನಿಂತಿವೆ, ಒಳಗೆ ವಾಸದ ಮನೆಗಳು. ನಮ್ಮ ತಂದೆ ಇಲ್ಲಿಯ ಹತ್ತಿ ಗಿರಣಿಯಲ್ಲಿ ನೂಲುವ ಖಾತೆಯಲ್ಲಿದ್ದರು. ಸಂಜೆ ಬಂದಾಗ ಹುಬ್ಬಿನ ಮೇಲೆಲ್ಲ ಹತ್ತಿಯ ಧೂಳು, ನಲವತ್ತಕ್ಕೇ ಮುದುಕರಾದ ಹಾಗೆ. ಗಾಳಿ ಒಣಗಿದರೆ ನೂಲು ಪಟಪಟ ಕಡಿಯುತ್ತದೆ, ಅದಕ್ಕೇ ಖಾತೆಯೊಳಗೆ ನೀರಿನ ತುಂತುರು ಬಿಡುತ್ತಾರೆ ಎನ್ನುತ್ತಿದ್ದರು. ಮ್ಯಾಂಚೆಸ್ಟರಿಗೆ ಆ ಖರ್ಚು ಕಡಿಮೆ, ಆಕಾಶವೇ ತುಂತುರು ಬಿಡುತ್ತದೆ. ಮ್ಯಾಂಚೆಸ್ಟರಿನ ಸುತ್ತಣ ಲ್ಯಾಂಕಾಷೈರ್ ಸೀಮೆಯಲ್ಲಿ ಹತ್ತಿ ಗಿರಣಿ ಬೆಳೆಯಲು ಆ ತೇವದ ಗಾಳಿಯೂ ಒಂದು ಕಾರಣ.

ಒಂದು ಶನಿವಾರ ಮೊಮ್ಮಕ್ಕಳ ಜೊತೆ ಪೇಟೆಯಲ್ಲಿ ನಡೆಯುತ್ತಿದ್ದೆವು. ಮೊಮ್ಮಗ ಗಕ್ಕನೆ ನಿಂತು ‘ಅಜ್ಜಿ, ಲಿಂಕನ್!’ ಎಂದ. ಇಂಗ್ಲೆಂಡಿನ ಊರಿನ ನಡುವೆ ಅಮೆರಿಕದ ಅಧ್ಯಕ್ಷರ ಕಂಚಿನ ಪ್ರತಿಮೆ. ಬಂದಾಗಿನಿಂದ ನಮ್ಮೂರು ನಮ್ಮೂರು ಎಂದು ಮುಖ ಊದಿಸಿಕೊಂಡಿದ್ದ ಹುಡುಗ ಸೋದರಮಾವನನ್ನು ಕಂಡ ಹಾಗೆ ಓಡಿದ.

ಕಥೆ ಹೀಗಿದೆ. ಮ್ಯಾಂಚೆಸ್ಟರಿನ ಸುತ್ತಣ ಗಿರಣಿಗಳಿಗೆ ಹತ್ತಿಯ ಬಹುಪಾಲು ಅಮೆರಿಕದ ದಕ್ಷಿಣದಿಂದ ಬರುತ್ತಿತ್ತು, ಗುಲಾಮರು ಬಿಡಿಸಿದ ಹತ್ತಿ. 1861ರಲ್ಲಿ ಅಲ್ಲಿ ಅಂತರ್ಯುದ್ಧ ಶುರುವಾಗಿ ಲಿಂಕನ್ನರ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿತು. ಗಿರಣಿಗಳು ನಿಂತವು, ಮನೆಗಳಲ್ಲಿ ಒಲೆ ಆರಿತು. ಆದರೂ 1862ರ ಡಿಸೆಂಬರ್ 31ರಂದು ಮ್ಯಾಂಚೆಸ್ಟರಿನ ಫ್ರೀ ಟ್ರೇಡ್ ಹಾಲಿನಲ್ಲಿ ಸೇರಿದ ಕಾರ್ಮಿಕರು, ಗುಲಾಮಗಿರಿ ತೊಲಗಲಿ, ನಾವು ನಿಮ್ಮ ಕಡೆ ಎಂದು ಲಿಂಕನ್ನರಿಗೆ ಪತ್ರ ಬರೆದರು. 1863ರ ಜನವರಿ 19ರಂದು ಲಿಂಕನ್ ಉತ್ತರಿಸಿದರು. ಆ ಉತ್ತರದ ಸಾಲುಗಳು ಪ್ರತಿಮೆಯ ಪೀಠದ ಮೇಲಿವೆ. ಮೊಮ್ಮಗಳು ಗಟ್ಟಿಯಾಗಿ ಓದಿದಳು. ಆಮೇಲೆ ಇತಿಹಾಸವನ್ನೇ ತೆಗೆದುಕೊಂಡಳು.

ಹತ್ತಿ ನಿಂತಾಗ ಮ್ಯಾಂಚೆಸ್ಟರಿನವರು ಎಲ್ಲಿ ನೋಡಿದರು ಗೊತ್ತೇ? ನಮ್ಮ ಕಡೆ. ಮುಂಬಯಿಯಲ್ಲಿ ಹತ್ತಿಯ ಬೆಲೆ ಗಗನಕ್ಕೇರಿತು, 1865ರಲ್ಲಿ ಯುದ್ಧ ಮುಗಿದಾಗ ದಬಕ್ಕನೆ ಬಿತ್ತು. ಧಾರವಾಡದ ಸೀಮೆಯಲ್ಲಿ 1840ರ ದಶಕದಿಂದಲೇ ಅಮೆರಿಕದ ಬೀಜದ ಹತ್ತಿ ಬೆಳೆಸುತ್ತಿದ್ದರು, ಅದಕ್ಕೆ ಧಾರವಾಡ-ಅಮೆರಿಕನ್ ಎಂದೇ ಹೆಸರು. ಇದನ್ನೆಲ್ಲ ಮೊಮ್ಮಗನಿಗೆ ಹೇಳಿದೆ. ಎಲ್ಲ ಕೇಳಿ, ‘ಹಾಗಾದರೆ ನಾನೂ ಧಾರವಾಡ-ಅಮೆರಿಕನ್ನೇ?’ ಎಂದ. ದಾವಣಗೆರೆ-ಅಮೆರಿಕನ್ ಎಂದು ತಿದ್ದಿದೆ.

ಪ್ರಶ್ನೆ: ಚಳಿಗಾಲದಲ್ಲಿ ಅಲ್ಲಿ ಬೇಗ ಕತ್ತಲಾಗುತ್ತದಂತೆ. ದೇವರ ದೀಪ ಎಷ್ಟು ಹೊತ್ತಿಗೆ ಹಚ್ಚುತ್ತಿದ್ದಿರಿ?
— ಓದುಗಿ, ಚಳ್ಳಕೆರೆ

ಉತ್ತರ: ಡಿಸೆಂಬರಿನಲ್ಲಿ ನಾಲ್ಕು ಗಂಟೆಯೊಳಗೆ ಸೂರ್ಯ ಮುಳುಗುತ್ತಾನೆ. ಮಕ್ಕಳು ಶಾಲೆಯಿಂದ ಬರುವುದಕ್ಕೂ ದೀಪ ಹಚ್ಚುವುದಕ್ಕೂ ಸರಿಹೋಗುತ್ತಿತ್ತು. ನವೆಂಬರ್ 5ಕ್ಕೆ ಅವರದೊಂದು ಬೆಂಕಿಹಬ್ಬ, 1605ರಲ್ಲಿ ಪಾರ್ಲಿಮೆಂಟಿಗೆ ಮದ್ದಿಡಲು ಹೋಗಿ ಸಿಕ್ಕಿಬಿದ್ದವರ ನೆನಪಿಗೆ. ಅಂಗಡಿಯಲ್ಲಿ ಪಟಾಕಿ ಸಿಗುವುದರಿಂದ ನಮ್ಮ ದೀಪಾವಳಿಯೂ ನಡೆಯಿತು. ಅಮೆರಿಕದವರ ಹಬ್ಬ ಥ್ಯಾಂಕ್ಸ್‌ಗಿವಿಂಗ್ ಬಂದಾಗ ಮಾತ್ರ ಮಕ್ಕಳಿಗೆ ಅಂದು ರಜೆಯೇ ಇಲ್ಲ ಎಂಬುದು ನಂಬಲಾಗಲಿಲ್ಲ. ಮಗಳು ಸಂಜೆ ಹೋಳಿಗೆ ಮಾಡಿ, ಪಕ್ಕದ ಮನೆಯ ಅಜ್ಜಿಯನ್ನೂ ಕರೆದಳು. ಹೊಸ ಕುಕ್ಕರಿನಲ್ಲಿ ಅನ್ನವಾಗುವಾಗ ಅವರು ಚಾವಣಿಯ ಗಂಟೆಯನ್ನೇ ನೋಡುತ್ತಿದ್ದರು.

ಪ್ರಶ್ನೆ: ಮಗಳಿಗೆ ಬೆಣ್ಣೆ, ತುಪ್ಪ, ಮಂಡಕ್ಕಿ ತೆಗೆದುಕೊಂಡು ಹೋಗಬೇಕೆಂದಿದ್ದೇನೆ. ಬಿಡುತ್ತಾರೆಯೇ?
— ಓದುಗಿ, ವಿದ್ಯಾನಗರ, ದಾವಣಗೆರೆ

ಉತ್ತರ: ಬೆಣ್ಣೆ, ತುಪ್ಪ, ಪೇಡ ಬಿಡುವುದಿಲ್ಲ. ನಮ್ಮ ಕಡೆಯಿಂದ ಹಾಲಿನ ಪದಾರ್ಥ ಒಯ್ಯುವಂತಿಲ್ಲ. ತುಪ್ಪ ಅಲ್ಲೇ ಸಿಗುತ್ತದೆ, ಬೆಣ್ಣೆಯಂತೂ ಧಾರಾಳ. ಜೋಳದ ಹಿಟ್ಟೂ ಭಾರತದ ಅಂಗಡಿಗಳಲ್ಲಿ ಉಂಟು. ಮಂಡಕ್ಕಿ ಒಯ್ಯಿರಿ, ಆದರೆ ನಾನು ಮಾಡಿದ ಹಾಗೆ ಪ್ಲಾಸ್ಟಿಕ್ ಚೀಲದಲ್ಲಿ ಗಂಟುಕಟ್ಟಿ ಅಡುಗೆಮನೆಯ ಮೂಲೆಯಲ್ಲಿ ಇಡಬೇಡಿ. ನೂಲಿಗೆ ಹಿತವಾದ ಆ ಗಾಳಿ ಮಂಡಕ್ಕಿಗೆ ಆಗಿಬರುವುದಿಲ್ಲ, ಎರಡೇ ದಿನದಲ್ಲಿ ಮೆತ್ತಗಾಯಿತು. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ, ಒಗ್ಗರಣೆಗೆ ಮೊದಲು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿಕೊಳ್ಳಿ. ಮಿರ್ಚಿಗೆ ಉದ್ದ ಮೆಣಸಿನಕಾಯಿ ಅಲ್ಲಿ ಸಿಗುತ್ತದೆ, ಖಾರ ಇರುವುದಿಲ್ಲ.